ನಾನು ಕೊಡದ ಬಿಡುಗಡೆ ಚೀಟಿ

ಆಗ ನನಗೆ ಅರವತ್ತೇಳು. ಈಗ್ಗೆ ಐದು ವರ್ಷದ ಹಿಂದಿನ ಮಾತು. ಒಬ್ಬ ಹೆಂಗಸು ಸ್ವರ್ಗಕ್ಕೆ ಹೋಗುವುದನ್ನು ತಪ್ಪಿಸಬೇಕೆಂದು ನಾನು ಕೊಡೆ ಹಿಡಿದುಕೊಂಡು ಮನೆಯಿಂದ ಹೊರಟಿದ್ದೆ.

ನಗಬೇಡಿ. ನನ್ನಿಂದ ಆಗುತ್ತದೆ ಎಂದೇ ನಂಬಿದ್ದೆ.

ಆ ಹೆಂಗಸು ಲಕ್ಕಮ್ಮ. ದೋಣಿಗಲ್ ಪಕ್ಕದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. (ನಾನು ಒಗ್ಗರಣೆ ಹಾಕಿದರೆ ಅವಳು ಸೀನುತ್ತಾಳೆ.) ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ನನ್ನನ್ನು ಪುಟ್ಟಕ್ಕ ಅನ್ನುತ್ತಾಳೆ. ಆದರೆ ಗೋಡೆಗಿಂತ ದೊಡ್ಡ ಸಂಬಂಧ ಇನ್ನೊಂದಿತ್ತು. ಅವಳು ನನ್ನ ಜೋಡಿ.

ಕಾಫಿ ಕುಡಿಯುವುದು ಮಾತ್ರ ಗೊತ್ತಿರುವವರಿಗೆ ಒಂದು ಮಾತು. ಹಣ್ಣು ಕೊಯ್ಯುವಾಗ ಒಂದು ಸಾಲಿಗೆ ಇಬ್ಬರು. ಗಿಡದ ಈಚೆ ಒಬ್ಬಳು, ಆಚೆ ಒಬ್ಬಳು. ಇವಳು ಕೊಂಬೆ ಬಗ್ಗಿಸಿದರೆ ಅವಳು ಹಿಡಿಯಬೇಕು. ಅವಳ ಕತ್ತಿಗೆ ಚಗಳಿ ಇರುವೆ ಹತ್ತಿದರೆ ಇವಳು ಕೂಗಬೇಕು. ಬೆಳಗ್ಗೆ ಎಂಟರಿಂದ ಸಂಜೆಯವರೆಗೆ ಎಲೆಗಳ ಮಧ್ಯೆ ಕಾಣುವುದು ಅದೊಂದೇ ಮುಖ, ಅದೂ ಅರ್ಧ. ಗಂಡನ ಮುಖವನ್ನೂ ನಾನು ಅಷ್ಟು ಹೊತ್ತು ನೋಡಿದವಳಲ್ಲ. ಜೋಡಿಯಿಲ್ಲದವಳು ಗಿಡದ ಒಂದು ಬದಿ ಕೊಯ್ದು, ಸುತ್ತಿ ಬಂದು, ಇನ್ನೊಂದು ಬದಿ ಕೊಯ್ಯಬೇಕು. ಕೈಗಿಂತ ಹೆಚ್ಚು ಮನಸ್ಸು ಸೋಲುತ್ತದೆ.

ನನಗೂ ಲಕ್ಕಮ್ಮನಿಗೂ ಮೂವತ್ತು ವರ್ಷಕ್ಕೂ ಮೀರಿದ ಜೋಡಿ. ಎಸ್ಟೇಟಿನಿಂದ ರಿಟೈರ್ ಆದ ಮೇಲೂ ಕೊಯ್ಲಿನ ಕಾಲಕ್ಕೆ ಇಬ್ಬರನ್ನೂ ಒಟ್ಟಿಗೇ ಕರೆಯುತ್ತಿದ್ದರು.

ಅದು ಜನವರಿ. ರೋಬಸ್ಟಾ ಕೊಯ್ಲು. ಒಂದು ಸೋಮವಾರ ಮಧ್ಯಾಹ್ನ, ಬುತ್ತಿ ಉಂಡು ಮತ್ತೆ ಸಾಲಿಗೆ ನಿಂತಿದ್ದೆವು. ಗಿಡದ ಆಚೆಯಿಂದ ಲಕ್ಕಮ್ಮನ ದನಿ ಬಂತು.

"ಪುಟ್ಟಕ್ಕ, ಬರೋ ಭಾನ್ವಾರ ನಾನು ದೀಕ್ಷಾಸ್ನಾನ ತಗೋತೀನಿ."

ಅಂದರೆ ಹೊಳೆಯಲ್ಲಿ ಮುಳುಗಿಸಿ ಏಳಿಸುವುದು. ಯೇಸುವನ್ನು ನಂಬಿದ್ದೇನೆ ಎಂದು ಎಲ್ಲರೆದುರು ಹೇಳಿ ಮುಳುಗುವುದು. ಅವಳು ಸಕಲೇಶಪುರದ ಒಂದು ಪ್ರಾರ್ಥನಾ ಮನೆಗೆ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಮೊದಲು ಸೊಸೆಯ ಜೊತೆ ಹಾಡು ಕೇಳಲು ಹೋದಳು. ಆಮೇಲೆ ಹಾಡು ಮುಗಿದ ಮೇಲೂ ಕೂರುತ್ತಿದ್ದಳು. ಹಾಡಿನ ಹುಚ್ಚು, ಬಿಟ್ಟುಹೋಗುತ್ತದೆ ಎಂದುಕೊಂಡು ನಾನು ಸುಮ್ಮನಿದ್ದೆ.

"ಏನ್ ಕೊಡ್ತಾರಂತೆ?" ಅಂದೆ. ಎಲ್ಲರೂ ಕೇಳುವ ಪ್ರಶ್ನೆ ತಾನೆ?

"ಕೊಡೋದೇನೂ ಇಲ್ಲ ಕಣಕ್ಕ. ಇರೋದನ್ನ ಕಿತ್ಕಂಡಂಗೈತೆ. ರಾತ್ರಿ ನಿದ್ದೆ ಇಲ್ಲ."

"ಅದಕ್ಕೆ ಡಾಕ್ಟ್ರತ್ರ ಹೋಗು."

"ನಿನ್ನತ್ರ ಒಂದು ಹೇಳ್ಬೇಕು. ಮೊದ್ಲು ಕೊಂಬೆ ಮೆಲ್ಲಗೆ ಬುಟ್ಬುಡು, ಕೇಳಿ ಕೈ ಜಾರಿದ್ರೆ ನನ್ ಮುಖಕ್ಕೆ ಹೊಡ್ದಾತು."

ಕೊಂಬೆ ಬಿಟ್ಟೆ. ಅವಳು ಹೇಳಿದಳು.

ಅದಕ್ಕೆ ಹದಿನೆಂಟು ವರ್ಷ ಹಿಂದೆ ಹೋಗಬೇಕು. ಹೆಂಗಸರ ಗುಂಪಿಗೆ ಹೆಂಗಸೇ ಮೇಸ್ತ್ರಿ ಇರಲಿ ಎಂದು ಎಸ್ಟೇಟಿನ ಯಜಮಾನರಿಗೆ ಆಗ ಮನಸ್ಸಾಗಿತ್ತು. ಹೆಸರು ನನ್ನದೇ ಬಂದಿತ್ತು. ನಾನು ಹೊಸ ಚಪ್ಪಲಿ ಕೂಡ ಕೊಂಡಿದ್ದೆ. (ಮೇಸ್ತ್ರಿಯಾದವಳು ಬರಿಗಾಲಲ್ಲಿ ನಡೆದರೆ ಯಾರು ಹೆದರುತ್ತಾರೆ?) ಒಂದು ವಾರದಲ್ಲಿ ಎಲ್ಲ ತಿರುಗಿಬಿತ್ತು. ಯಾರೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹತ್ತಿರ ಹೋಗಿ, ಪುಟ್ಟಮ್ಮ ಮೇಸ್ತ್ರಿಯಾದರೆ ಹಣ್ಣು ತುಂಬಿದ ಸಾಲನ್ನೆಲ್ಲ ತನ್ನವರಿಗೆ ಕೊಡುತ್ತಾಳೆ, ಉಳಿದವರಿಗೆ ಬೋಳು ಸಾಲು ಅಂತ ಹೇಳಿದ್ದರು. (ನಿಜ ಹೇಳಬೇಕೆಂದರೆ, ಕೊಡುತ್ತಿದ್ದೆನೋ ಏನೋ.) ಕೊನೆಗೆ ಒಬ್ಬ ಗಂಡಸನ್ನು ತಂದು ನಿಲ್ಲಿಸಿದರು. ಚಪ್ಪಲಿ ಹಬ್ಬಕ್ಕೆ ಮಾತ್ರ ಉಪಯೋಗವಾಯಿತು.

ಹೇಳಿದವರು ಯಾರು ಎಂದು ನನಗೆ ಗೊತ್ತಿತ್ತು. ಜಯಮ್ಮ. ಲೈನಿನ ಕೊನೆಯ ಮನೆಯವಳು. ಅದೇ ವಾರ ಒಂದು ಸಂಜೆ ಅವಳು ಸ್ಟೋರಿನ ಜಗುಲಿಯಲ್ಲಿ ರೈಟರ ಎದುರು ತಲೆ ತಗ್ಗಿಸಿ ಮಾತಾಡುತ್ತಿದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಇನ್ನೇನು ಬೇಕು? ನಾನು ಬಾಯಿ ಮಾಡಲಿಲ್ಲ. ಒಬ್ಬೊಬ್ಬಳಿಗೂ ಒಂದೇ ಮಾತು ಹೇಳಿದೆ: "ಜಯಮ್ಮನ ಎದ್ರು ಯಾರೂ ನಿಲ್ಬೇಡಿ." ನನ್ನ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಆ ಕೊಯ್ಲು ಪೂರ್ತಿ ಜಯಮ್ಮನಿಗೆ ಜೋಡಿ ಸಿಗಲಿಲ್ಲ. ಮುಂದಿನ ಕೊಯ್ಲಿಗೆ ಮುಂಚೆ ಲೈನ್ ಮನೆ ಖಾಲಿ ಮಾಡಿ ಬಾಳ್ಳುಪೇಟೆಗೆ, ತಂಗಿಯ ಮನೆ ಪಕ್ಕಕ್ಕೆ, ಹೊರಟುಹೋದಳು. ಒಳ್ಳೆಯದಾಯಿತು ಎಂದುಕೊಂಡೆ.

ಈಗ ಲಕ್ಕಮ್ಮ ಹೇಳಿದ್ದು ಇಷ್ಟು: "ರೈಟರತ್ರ ಹೇಳ್ದೋಳು ಜಯಮ್ಮ ಅಲ್ಲ ಪುಟ್ಟಕ್ಕ. ನಾನು."

ನನ್ನ ಕೈಯಲ್ಲಿದ್ದ ಹಣ್ಣು ಕೆಳಗೆ ಬಿತ್ತು.

"ಯಾಕೆ?"

"ನೀನು ಮೇಸ್ತ್ರಿ ಆದ್ರೆ ಕೊಡೆ ಹಿಡ್ಕಂಡು ಓಡಾಡ್ತೀಯ. ನನ್ನ ಎದ್ರು ನಿಲ್ಲೋರು ಯಾರು?"

ಇಂಥ ಕಾರಣಕ್ಕೆ ಏನು ಮಾಡುತ್ತೀರಿ? ಬೈಯುತ್ತೀರಾ, ತಬ್ಬಿಕೊಳ್ಳುತ್ತೀರಾ? ನಾನು ಬೈದೆ. ಆ ಸಾಲಿನ ತುದಿಯಿಂದ ಈ ತುದಿಯವರೆಗೆ ಕೇಳುವಂತೆ ಬೈದೆ. ಅವಳು ಒಂದು ಮಾತೂ ಆಡದೆ ಕೇಳಿಸಿಕೊಂಡಳು. ಅದು ಇನ್ನೂ ಕೋಪ ತರಿಸಿತು. ಹಳೆಯ ಲಕ್ಕಮ್ಮನಾಗಿದ್ದರೆ ನನ್ನ ಅತ್ತೆಯ ಕಾಲದ ಮಾತನ್ನೆಲ್ಲ ಎತ್ತಿ ತಿರುಗಿಸಿ ಕೊಡುತ್ತಿದ್ದಳು.

ಕೊನೆಗೆ ಅವಳು, "ತಪ್ಪಾತು ಕಣಕ್ಕ. ಕ್ಷಮಿಸ್ಬುಡು," ಅಂದಳು.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು.

ನಮ್ಮ ಕಡೆ ಒಂದು ಎಸ್ಟೇಟ್ ಬಿಟ್ಟು ಇನ್ನೊಂದಕ್ಕೆ ಸೇರಬೇಕಾದರೆ ಹೊಸ ರೈಟರ್ ಮೊದಲು ಕೇಳುವುದು ಇದನ್ನೇ: ಅಲ್ಲಿಂದ ಜಗಳ ಮಾಡಿಕೊಂಡು ಬಂದೆಯಾ, ಸರಿಯಾಗಿ ಬಿಟ್ಟು ಬಂದೆಯಾ? ಹಳೆಯ ಎಸ್ಟೇಟಿನವರು ಬಿಡುಗಡೆ ಚೀಟಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಲಕ್ಕಮ್ಮ ಈಗ ನಮ್ಮ ಊರಮ್ಮನ ಎಸ್ಟೇಟ್ ಬಿಟ್ಟು ಯೇಸುವಿನ ಎಸ್ಟೇಟಿಗೆ ಸೇರಲು ಹೊರಟಿದ್ದಾಳೆ. ಅಲ್ಲಿಯವರು, ಹೋಗು, ಯಾರಿಗೆ ಅನ್ಯಾಯ ಮಾಡಿದ್ದೀಯೋ ಅವರಿಂದ ಚೀಟಿ ತಾ ಎಂದು ಕಳಿಸಿದ್ದಾರೆ. ಚೀಟಿ ಕೊಡುವವಳು ನಾನು. ನಾನು ಕೊಡದಿದ್ದರೆ?

ಮುಳುಗಿಸಲು ಆಗುವುದಿಲ್ಲ!

"ಕ್ಷಮಿಸಲ್ಲ," ಅಂದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿಯಾದ ಹಾಗಿತ್ತು.

ಮಾರನೆಯ ದಿನದಿಂದ ನಾನು ಬೇರೆ ಜೋಡಿ ಕೇಳಿ ತೆಗೆದುಕೊಂಡೆ. ಯಾರೋ ಹೊಸಬಳು, ಇಡೀ ದಿನ ಕಿವಿಯಲ್ಲಿ ವೈರ್ ಸಿಕ್ಕಿಸಿಕೊಂಡು ಮೊಬೈಲಿನಲ್ಲೇ ಇರುತ್ತಿದ್ದಳು. ಪಕ್ಕದ ಸಾಲಿನಲ್ಲಿ ಲಕ್ಕಮ್ಮ ಒಬ್ಬಳೇ. ಒಂದು ಬದಿ ಕೊಯ್ಯುವುದು, ಸೊಂಟ ಹಿಡಿದುಕೊಂಡು ಗಿಡ ಸುತ್ತಿ ಬರುವುದು, ಇನ್ನೊಂದು ಬದಿ ಕೊಯ್ಯುವುದು. ನೋಡುವಾಗ, ಇದನ್ನು ಹಿಂದೆಯೂ ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಎಲ್ಲಿ ಎಂದು ನೆನಪು ಮಾಡಿಕೊಳ್ಳಲು ಹೋಗಲಿಲ್ಲ.

ಅಷ್ಟರಲ್ಲಿ ಲೈನಿಗೆಲ್ಲ ಸುದ್ದಿ ಹಬ್ಬಿತ್ತು. ಪೇಟೆಯಿಂದ ಒಬ್ಬ ಬೈಕಿನಲ್ಲಿ ಬಂದು ಲಕ್ಕಮ್ಮನನ್ನು ಕೇಳಿದ, "ಅಜ್ಜಿ, ನಿಮಗೆ ಯಾರಾದ್ರೂ ಬಲವಂತ ಮಾಡಿದ್ರಾ?"

"ನಮ್ಮನೆ ಯಜಮಾನ್ರು ನಲವತ್ತು ವರ್ಷ ಬಲವಂತ ಮಾಡಿದ್ರೂ ನನ್ ಕೈಲಿ ಒಂದು ಲೋಟ ಟೀ ಕುಡ್ಸಕ್ಕಾಗ್ಲಿಲ್ಲ ಕಣಪ್ಪ. ನಾನು ಬಲವಂತಕ್ಕೆ ಬಗ್ಗೋಳಾ?" ಅಂದಳು. ಅವನು ಬಂದ ದಾರಿಗೇ ಹೋದ. ಗೋಡೆಯ ಈಚೆ ಕೂತು ಕೇಳಿಸಿಕೊಳ್ಳುತ್ತಿದ್ದ ನನಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದೆ. ಮುನಿಸಿನಲ್ಲಿದ್ದೆನಲ್ಲ.

ಗುರುವಾರ ಕೊಡೆ ಹಿಡಿದು ಹೊರಟೆ. ಮಳೆಯಿರಲಿಲ್ಲ. ಬಿಸಿಲೂ ಅಷ್ಟೇನಿರಲಿಲ್ಲ. ಮಾತಾಡುವಾಗ ಕೈಯಲ್ಲಿ ಏನಾದರೂ ಇರಲಿ ಎಂದು.

ಆ ಪ್ರಾರ್ಥನಾ ಮನೆ ಹಿಂದೆ ಗ್ಯಾರೇಜ್ ಆಗಿತ್ತು. ತಗಡಿನ ಸೂರು, ಒಳಗೆ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ಒಬ್ಬ ಪ್ಯಾಂಟು ಮಡಚಿಕೊಂಡು ಕಸ ಗುಡಿಸುತ್ತಿದ್ದ. ಮೂವತ್ತೈದರ ಆಸುಪಾಸು.

"ಪಾಸ್ಟರ್ ಎಲ್ಲಪ್ಪ?"

"ನಾನೇ ಅಜ್ಜಿ."

"ನೀನಾ? ಕೈಯಾಗೆ ಪೊರಕೆ ಐತೆ?"

"ಪಾಸ್ಟರ್ ಅಂತ ಧೂಳು ಹೆದರ್ಕಂಡು ಹೋಗಲ್ಲವಲ್ಲ ಅಜ್ಜಿ."

ಮಾತು ಬಲ್ಲವನು. ಕೇಳಿದರೆ ಮಗ್ಗೆ ಕಡೆಯ ಶುಂಠಿ ಬೆಳೆಯುವವರ ಮನೆಯವನಂತೆ. ನಾನು ಕೂರಲಿಲ್ಲ. ಕೊಡೆಯನ್ನು ನೆಲಕ್ಕೆ ಊರಿ ಹೇಳಿದೆ.

"ನಾನು ಪುಟ್ಟಮ್ಮ. ಲಕ್ಕಮ್ಮ ಅನ್ಯಾಯ ಮಾಡಿರೋದು ನಂಗೆ. ನಾನು ಕ್ಷಮಿಸಿಲ್ಲ. ಚೀಟಿ ಕೊಡಲ್ಲ. ಭಾನ್ವಾರ ಅವಳ್ನ ಮುಳುಗಿಸಂಗಿಲ್ಲ."

"ಯಾವ ಚೀಟಿ ಅಜ್ಜಿ?"

ಎಸ್ಟೇಟ್ ಬದಲಾಯಿಸುವ ಕ್ರಮವನ್ನು ವಿವರವಾಗಿ ಹೇಳಿದೆ. ಅವನು ಪೊರಕೆಯನ್ನು ಗೋಡೆಗೆ ಒರಗಿಸಿ, ಎರಡು ಕುರ್ಚಿ ಎದುರುಬದುರು ಹಾಕಿ, ನನ್ನನ್ನು ಕೂರಿಸಿ, ಪೂರ್ತಿ ಕೇಳಿದ. ನಗಲಿಲ್ಲ. (ನಾನು ಹೋದ ಮೇಲೆ ನಕ್ಕಿರಬಹುದು.)

"ಅಜ್ಜಿ, ಲಕ್ಕಮ್ಮೋರು ನಿಮ್ಮತ್ರ ಬಂದಿದ್ದು ಚೀಟಿ ಇಸ್ಕಳಕ್ಕಲ್ಲ. ಅವ್ರಿಗೆ ಚೀಟಿ ಆಗ್ಲೇ ಸಿಕ್ಬುಟ್ಟೈತೆ."

"ಯಾರು ಕೊಟ್ರು?"

"ಯೇಸು."

"ಅನ್ಯಾಯ ಆಗಿದ್ದು ನಂಗೆ. ಕೊಡಕ್ಕೆ ಅವ್ರು ಯಾರು?"

ಅವನು ಎದ್ದು, ಜಾರುತ್ತಿದ್ದ ಪೊರಕೆಯನ್ನು ಮತ್ತೆ ಗೋಡೆಗೆ ಒರಗಿಸಿ ಬಂದ. ಇವನ ಮಾತು ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

"ನಿಮಗೆ ಆದ ನೋವು ಅವ್ರಿಗೂ ಆಗೈತೆ ಅಂತ ನಮ್ಮ ನಂಬಿಕೆ ಅಜ್ಜಿ. ಶಿಲುಬೆ ಮೇಲೆ ಹೊತ್ಕಂಡಿದ್ದು ಅದನ್ನೇ. ನಿಮ್ಮ ಪಾಲಿನ ಕ್ಷಮೆ ನಿಮ್ಮತ್ರಾನೇ ಐತೆ. ಅದನ್ನ ಯಾರೂ ಕಿತ್ಕಳಲ್ಲ. ಕೊಟ್ರೂ ಸರಿ, ಕೊಡದಿದ್ರೂ ಭಾನ್ವಾರ ನಿಲ್ಲಲ್ಲ."

"ಹಂಗಾರೆ ಇವ್ಳು ನನ್ನತ್ರ ಯಾಕೆ ಬಂದ್ಲು? ನೀವು ಕಳಿಸ್ಲಿಲ್ವಾ?"

"ನಾನು ಕಳಿಸ್ಲಿಲ್ಲ. ನಂಗೆ ಗೊತ್ತೇ ಇರ್ಲಿಲ್ಲ. ಹೇಳಿ ಬಂದ್ಮೇಲೆ ಅವ್ರೇ ತಿಳಿಸಿದ್ದು."

"ಏನೂ ಸಿಗಲ್ಲ ಅಂದ್ಮೇಲೆ ಯಾರಾದ್ರೂ ಹೋಗಿ ಬೈಸ್ಕಂತಾರಾ?"

"ಸಿಗ್ಲಿ ಅಂತ ಹೋಗಿದ್ದಲ್ಲ ಅಜ್ಜಿ. ಸಿಕ್ಕಿದ್ಮೇಲೆ ಸುಮ್ನೆ ಕೂರಕ್ಕಾಗ್ದೆ ಹೋಗಿದ್ದು. ನಮ್ಮಲ್ಲಿ ರಕ್ಷಣೆ ಅನ್ನೋದು ಕೂಲಿ ಅಲ್ಲ, ದುಡಿದು ತಗೊಳಕ್ಕೆ. ಅದು ಬಿಟ್ಟಿ. ಕೃಪೆ ಅಂತೀವಿ."

ಬಿಟ್ಟಿ ಅನ್ನುವ ಮಾತು ಕೇಳಿದರೆ ನನಗೆ ಮೊದಲಿಂದಲೂ ಅನುಮಾನ. ಜೀವಮಾನವೆಲ್ಲ ಕೊಯ್ದಷ್ಟೇ ಉಂಡವಳು ನಾನು.

"ಅಂದ್ರೆ ಬೆಳಗ್ಗಿಂದ ಬಿಸ್ಲಲ್ಲಿ ಕೊಯ್ದೋಳಿಗೂ, ಮಧ್ಯಾಹ್ನ ಮೂರು ಗಂಟೆಗೆ ಎಲೆ ಅಡಿಕೆ ಹಾಕ್ಕಂಡು ಬಂದೋಳಿಗೂ ಒಂದೇ ಕೂಲಿಯಾ?"

ಅವನು ತೊಡೆ ತಟ್ಟಿಕೊಂಡ. "ಅಜ್ಜಿ! ತೋಟದ ಕೂಲಿಯೋರು ಇದೇ ಪ್ರಶ್ನೆ ಕೇಳಿದ ಕತೆ ನಮ್ಮ ಗ್ರಂಥದಲ್ಲೇ ಐತೆ. ಹೌದು, ಒಂದೇ ಕೂಲಿ."

"ನಿಮ್ಮ ಯಜಮಾನ ಎಸ್ಟೇಟ್ ನಡ್ಸಕ್ಕೆ ಲಾಯಕ್ಕಿಲ್ಲ."

"ಕತೇಲಿ ಅವ್ರೂ ಹಂಗೇ ಗೊಣಗಿದ್ರು ಅಜ್ಜಿ."

ಇಂಥವನ ಹತ್ತಿರ ಹೇಗೆ ಜಗಳ ಆಡುವುದು? ಎದ್ದೆ. ಬಾಗಿಲಿನವರೆಗೆ ಬಂದ. "ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತ ಅಂದ್ಕೊಬೇಡಿ ಅಜ್ಜಿ. ಮೂರು ದಿನದಿಂದ ಲಕ್ಕಮ್ಮೋರಿಗೆ ಊಟ ಸೇರ್ತಿಲ್ವಂತೆ."

"ಅದು ಗ್ಯಾಸ್ಟ್ರಿಕ್ಕು," ಎಂದು ಹೇಳಿ ಬಂದೆ.

ಬರುವಾಗ ದಾರಿಯುದ್ದಕ್ಕೂ ಯೋಚನೆ. ನಮ್ಮಲ್ಲೂ ತಪ್ಪುಕಾಣಿಕೆ ಎಂದು ಒಂದಿದೆ. ತಪ್ಪು ಮಾಡಿದ್ದರೆ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮುಂದಿಟ್ಟು ಅಡ್ಡಬೀಳುತ್ತೇವೆ. ನಾನೂ ಎಷ್ಟೋ ಸಲ ಕಟ್ಟಿದ್ದೇನೆ. ಕಟ್ಟಿ ಬಂದ ಮೇಲೆ ಮನಸ್ಸು ಹಗುರ. ಆದರೆ ಪಕ್ಕದ ಮನೆಯವಳಿಗೆ ಮಾಡಿದ ತಪ್ಪಿಗೆ ಬೆಟ್ಟದ ಮೇಲಿನ ದೇವರಿಗೆ ಕಾಣಿಕೆ ಕಟ್ಟಿದರೆ ಪಕ್ಕದ ಮನೆಯವಳಿಗೆ ಏನು ಬಂತು? ಊರಮ್ಮ ಯಾವತ್ತಾದರೂ, ಅವಳ ಮನೆಗೆ ಹೋಗಬೇಡ ಎಂದಿದ್ದಳಾ? ಇಲ್ಲ. ಬೆಟ್ಟ ಹತ್ತುವುದು ಸುಲಭ, ಪಕ್ಕದ ಹೊಸ್ತಿಲು ಹತ್ತುವುದು ಕಷ್ಟ, ಅಷ್ಟೇ. (ಕ್ರೈಸ್ತರು ಬೀಗಬೇಕಾಗಿಲ್ಲ. ಭಾನುವಾರ ಕಣ್ಣುಮುಚ್ಚಿ ಹಾಡಿ, ಸೋಮವಾರ ಬೇಲಿ ಒಂದು ಮೊಳ ಆಚೆಗೆ ಸರಿಸುವವರನ್ನು ನಾನು ಆ ಕಡೆಯೂ ಕಂಡಿದ್ದೇನೆ.) ಈಗಿನ ಮಕ್ಕಳಂತೂ ಸಾರಿ ಅನ್ನುವುದು ಬಸ್ಸಿನಲ್ಲಿ ಕಾಲು ತುಳಿದಾಗ ಮಾತ್ರ. ದೊಡ್ಡ ತಪ್ಪಿಗೆ ಮೊಬೈಲಿನಲ್ಲಿ ಎರಡು ಕೈ ಮುಗಿದ ಚಿತ್ರ ಹೋಗುತ್ತದೆ.

ಲಕ್ಕಮ್ಮ ಮಾತ್ರ ಎದುರು ನಿಂತು ಹೇಳಿದ್ದಳು. ಏನೂ ಸಿಗುವುದಿಲ್ಲ ಎಂದು ಗೊತ್ತಿದ್ದೂ. ಇದು ನನಗೆ ಬಹಳ ಕಿರಿಕಿರಿ ಮಾಡಿತು.

ಭಾನುವಾರ ಬಂತು. ನಾನು ಹೋಗಬಾರದೆಂದೇ ತೀರ್ಮಾನ ಮಾಡಿದ್ದೆ. ಹೋದೆ. ಸುಮ್ಮನೆ ನೋಡಿಕೊಂಡು ಬರೋಣ ಎಂದು.

ಹೇಮಾವತಿಯಲ್ಲಿ ನೀರು ಇಳಿದಿತ್ತು. ದಡದಲ್ಲಿ ನಲವತ್ತು ಜನ, ಒಂದು ಡೋಲಕ್, ಒಂದು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು. ಮುಳುಗುವವರು ಆರು ಜನ. ಬಿಳಿ ಬಟ್ಟೆ. ಲಕ್ಕಮ್ಮ ಸೊಸೆಯ ಬಿಳಿ ಸೀರೆ ಉಟ್ಟು, ಅದು ಗಿಡ್ಡವಾಗಿ, ಕೊಕ್ಕರೆಯಂತೆ ನಿಂತಿದ್ದಳು. ನಾನು ಜನರ ಹಿಂದೆ ಕೊಡೆ ಬಿಚ್ಚಿಕೊಂಡು ನಿಂತೆ, ಕಾಣಬಾರದೆಂದು. (ಬಿಸಿಲಿಲ್ಲದ ಹೊತ್ತಿನಲ್ಲಿ ಕೊಡೆ ಬಿಚ್ಚಿ ನಿಂತವಳು ಯಾರಿಗೆ ತಾನೆ ಕಾಣುವುದಿಲ್ಲ?)

ಐದು ಜನರದ್ದು ಸಲೀಸಾಗಿ ಆಯಿತು. ಪಾಸ್ಟರ್ ಒಬ್ಬೊಬ್ಬರನ್ನೇ ಕೈಹಿಡಿದು ಸೊಂಟದ ನೀರಿಗೆ ಕರೆದೊಯ್ದು, ಒಂದು ಪ್ರಶ್ನೆ ಕೇಳಿ, ಹಿಂದಕ್ಕೆ ಮಲಗಿಸಿದಂತೆ ಮುಳುಗಿಸಿ ಎತ್ತುತ್ತಿದ್ದ. ದಡದವರು ಹಲ್ಲೆಲೂಯ ಅನ್ನುತ್ತಿದ್ದರು.

ಲಕ್ಕಮ್ಮ ಮೊಣಕಾಲು ನೀರಿಗೆ ಇಳಿದವಳು ನಿಂತುಬಿಟ್ಟಳು.

ಅವಳಿಗೆ ನೀರೆಂದರೆ ಪ್ರಾಣಭಯ. ಲೈನಿನವರಿಗೆಲ್ಲ ಗೊತ್ತು. ಕೆರೆಯಲ್ಲಿ ಬಟ್ಟೆ ಒಗೆಯುವಾಗಲೂ ಮೇಲಿನ ಕಲ್ಲು ಬಿಟ್ಟು ಇಳಿದವಳಲ್ಲ. ಪಾಸ್ಟರ್ ಸಮಾಧಾನ ಹೇಳಿದ. ಸೊಸೆ ಸಮಾಧಾನ ಹೇಳಿದಳು. ಡೋಲಕ್ ಬಾರಿಸುವವನು ಜೋರಾಗಿ ಬಾರಿಸಿದ. ಅವಳು ನಡುಗುತ್ತಾ ನಿಂತಲ್ಲೇ ನಿಂತು, ದಡದ ಕಡೆ ತಿರುಗಿ, ನನ್ನ ಕೊಡೆಯನ್ನು ನೋಡಿ ಕೂಗಿದಳು.

"ಪುಟ್ಟಕ್ಕಾ! ಎದ್ರು ನಿಂತ್ಕೋ ಬಾರೇ!"

ನಲವತ್ತು ಜನ ಹಿಂದಕ್ಕೆ ತಿರುಗಿದರು.

ನನಗೆ ಎರಡು ದಾರಿ ಇತ್ತು. ತಿರುಗಿ ನಡೆದುಬಿಟ್ಟಿದ್ದರೆ ಅವತ್ತು ಅವಳು ಮುಳುಗುತ್ತಿರಲಿಲ್ಲ. ಇದು ಖಂಡಿತ. ಪಾಸ್ಟರ್ ಏನೇ ಹೇಳಲಿ, ಚೀಟಿ ಆ ಕ್ಷಣಕ್ಕೆ ನನ್ನ ಕೈಯಲ್ಲೇ ಇತ್ತು. ಒಂದು ವಾರದಿಂದ ನಾನು ಬಯಸಿದ್ದು ಅದನ್ನೇ ಅಲ್ಲವೇ?

ಅವಳನ್ನು ನೋಡಿದೆ. ಗಿಡ್ಡ ಸೀರೆ, ಮೊಣಕಾಲವರೆಗೆ ನೀರು. ಮೂವತ್ತು ವರ್ಷ ಎಲೆಗಳ ಮಧ್ಯೆ ನೋಡಿದ ಮುಖ, ಅವತ್ತು ಎಲೆಯಿಲ್ಲದೆ ಪೂರ್ತಿ ಕಂಡಿತು.

ಕೊಡೆ ಮಡಚಿ ಯಾರದೋ ಕೈಗೆ ಕೊಟ್ಟೆ. ಸೀರೆ ಎತ್ತಿಕಟ್ಟಿ ಇಳಿದೆ. ನೀರು ಎಂಥ ತಣ್ಣಗಿತ್ತೆಂದರೆ ದೇವರ ಹೆಸರೆಲ್ಲ ಬಾಯಿಗೆ ಬಂತು, ನಮ್ಮವು. ಅವಳನ್ನು ದಾಟಿ ಮುಂದೆ ಹೋಗಿ, ಸೊಂಟದ ನೀರಿನಲ್ಲಿ, ಅವಳಿಗೆ ಎದುರಾಗಿ ನಿಂತೆ.

"ಬಾ. ನಿಂತಿದ್ದೀನಿ."

ಬಂದಳು. ಒಂದೊಂದೇ ಹೆಜ್ಜೆ. ಪಾಸ್ಟರ್ ಪಕ್ಕದಲ್ಲಿ ಹಿಡಿದುಕೊಂಡ. ಅವಳು ನನ್ನನ್ನೇ ನೋಡುತ್ತಾ, "ಕ್ಷಮಿಸ್ದ್ಯಾ?" ಅಂದಳು.

"ಮುಳುಗೇ ಮಾರಾಯ್ತಿ, ನಂಗೆ ಚಳಿ ಆಗ್ತೈತೆ!"

ಮುಳುಗಿದಳು. ಎದ್ದಳು. ಮೂಗಿಗೆ ನೀರು ಹೋಗಿ ಕೆಮ್ಮುತ್ತಾ, ನಗುತ್ತಾ, ಏಳುವ ರಭಸಕ್ಕೆ ನನ್ನ ತಲೆಯ ಮೇಲೂ ಅರ್ಧ ಹೊಳೆ ಸುರಿದಳು. ದಡದಲ್ಲಿ ಹಲ್ಲೆಲೂಯವೋ ಹಲ್ಲೆಲೂಯ. ನಾನು ಮೇಲೆ ಬರುತ್ತಿದ್ದಂತೆ ಯಾರೋ ನನಗೂ ಟವೆಲ್ ಹೊದಿಸಿದರು. ಪುಸ್ತಕ ಹಿಡಿದಿದ್ದ ಒಬ್ಬಳು, "ನಿಮ್ಮ ಹೆಸರು ಏನಂತ ಬರ್ಕಳ್ಲಿ ಅಮ್ಮಾ?" ಅಂದಳು.

"ನನ್ನ ಹೆಸ್ರು ಬರೀಬೇಡ ಕಣವ್ವ. ನಾನು ಜೋಡಿ ಅಷ್ಟೇ."

ಉಪ್ಪಿಟ್ಟು ಮಾತ್ರ ತಿಂದೆ. ಚೆನ್ನಾಗಿತ್ತು.

ಸಂಜೆ ಲೈನಿನ ಜಗುಲಿಯಲ್ಲಿ ಕೂತು ಇಬ್ಬರೂ ತಲೆ ಒಣಗಿಸಿಕೊಳ್ಳುತ್ತಿದ್ದೆವು. ಹೆಸರು ಬದಲಾಯಿಸುತ್ತೀಯಾ ಎಂದು ಕೇಳಿದೆ. ಇಲ್ಲವಂತೆ. ಸೀರೆ? ಅದೂ ಇಲ್ಲ. "ಹಂಗಾರೆ ಬದ್ಲಾಗಿದ್ದು ಏನೇ?" ಅಂದೆ.

ಅವಳು ಯೋಚನೆ ಮಾಡಿದಳು. "ಹದಿನೆಂಟು ವರ್ಷ ನಿನ್ನ ಮುಖ ನೋಡ್ಕಂಡು ಹಣ್ಣು ಕೊಯ್ದೆ. ನೀನು ತಲೆ ಎತ್ತಿದ್ರೆ ನಾನು ತಗ್ಗಿಸ್ತಿದ್ದೆ. ಇನ್ ಮ್ಯಾಲೆ ತಗ್ಗಿಸಲ್ಲ. ಅಷ್ಟೇ ಕಣಕ್ಕ."

ರಕ್ಷಣೆ ಎಂದರೆ ಸತ್ತ ಮೇಲೆ ಸಿಗುವ ಏನೋ ಒಂದು ಎಂದು ನಾನು ತಿಳಿದಿದ್ದೆ. ಇವಳಿಗೆ ಸಾಯುವ ಮೊದಲೇ ಸಿಕ್ಕಿದಂತಿತ್ತು.

ಆಮೇಲೆ ಅವಳು ಹೇಳಿದಳು, "ನಾಳೆ ಬಾಳ್ಳುಪೇಟೆಗೆ ಹೋಗಿ ಜಯಮ್ಮಂಗೂ ಹೇಳ್ಬುಟ್ಟು ಬತ್ತೀನಿ. ನನ್ನಿಂದ ಪಾಪ ಅವ್ಳ ಹೆಸ್ರು ಕೆಡ್ತು."

ನಾನು ಜಡೆ ಬಿಡಿಸುತ್ತಿದ್ದ ಕೈ ನಿಲ್ಲಿಸಿದೆ.

ಒಂದು ವಾರದಿಂದ ನಾನು ಲಕ್ಕಮ್ಮನಿಗೆ ಚೀಟಿ ಕೊಡಬೇಕೋ ಬೇಡವೋ ಎಂದು ಮೀಸೆ ತಿರುವುತ್ತಿದ್ದೆ. ರೈಟರ ಹತ್ತಿರ ಒಂದು ಮಾತು ಹೇಳಿದ್ದು ಲಕ್ಕಮ್ಮ, ನಿಜ. ಆದರೆ ವಿಚಾರಿಸದೆ, ಕೇಳದೆ, ಒಂದು ಹೆಂಗಸಿನ ಎದುರು ಯಾರೂ ನಿಲ್ಲದಂತೆ ಮಾಡಿದವಳು ಯಾರು? ಒಂದು ಕೊಯ್ಲು ಪೂರ್ತಿ ಅವಳು ಒಬ್ಬಳೇ ಗಿಡ ಸುತ್ತುವುದನ್ನು ನೋಡಿ, ಎಲೆ ಅಡಿಕೆ ಉಗಿದು ಮುಂದೆ ಹೋದವಳು ಯಾರು? ಆ ವಾರ ಲಕ್ಕಮ್ಮ ಗಿಡ ಸುತ್ತುವಾಗ, ಹಿಂದೆ ಎಲ್ಲೋ ನೋಡಿದ್ದೇನೆ ಅನಿಸಿತ್ತಲ್ಲ. ಈಗ ಎಲ್ಲಿ ಎಂದು ನೆನಪಾಯಿತು. ನಾನು ಮರೆತಿರಲೂ ಇಲ್ಲ.

"ನೀನು ನಾಡಿದ್ದು ಹೋಗು," ಅಂದೆ.

"ಯಾಕಕ್ಕ?"

"ನಾಳೆ ನಾನು ಹೋಗ್ತೀನಿ. ನಿಂದಕ್ಕಿಂತ ನಂದು ದೊಡ್ದು."

ಅವಳು ಏನೋ ಹೇಳಲು ಬಾಯಿ ತೆರೆದಳು. ಯೇಸು, ಕೃಪೆ ಎಂದು ಶುರು ಮಾಡುತ್ತಾಳೆಂದು ಮೊದಲೇ ಹೇಳಿದೆ, "ನಂಗೆ ಏನೂ ಹೇಳ್ಬೇಡ. ನಾನು ನಿಮ್ಮ ಎಸ್ಟೇಟಿಗೆ ಸೇರಲ್ಲ." ಸೇರಿಲ್ಲ, ಇವತ್ತಿಗೂ. ಶುಕ್ರವಾರ ಊರಮ್ಮನಿಗೆ ದೀಪ ಹಚ್ಚುತ್ತೇನೆ. ಲಕ್ಕಮ್ಮ ಭಾನುವಾರ ಹಾಡುತ್ತಾಳೆ. ಗೋಡೆ ಒಂದೇ.

ಮಾರನೆಯ ಬೆಳಗ್ಗೆ ಹಬ್ಬದ ಚಪ್ಪಲಿ ಮೆಟ್ಟಿಕೊಂಡು ಮೊದಲ ಬಸ್ಸು ಹತ್ತಿದೆ. ಬಾಳ್ಳುಪೇಟೆಯಲ್ಲಿ ಇಳಿದು, ಲಾರಿಗಳ ಮಧ್ಯೆ ರಸ್ತೆ ದಾಟಿ, ಕೇಳಿಕೊಂಡು ಮನೆ ಹುಡುಕಿದೆ. ಜಯಮ್ಮ ಹೊರಗಿನ ಜಗುಲಿಯಲ್ಲಿ ಒಬ್ಬಳೇ ಕೂತು ಒಂದು ಮೂಟೆ ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗುರುತು ಹಿಡಿದಳು. ಬಾ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.

ನಿಂತುಕೊಂಡೇ ಎಲ್ಲ ಹೇಳಿದೆ. ಲಕ್ಕಮ್ಮನ ಹೆಸರು ಎತ್ತಲಿಲ್ಲ. ಅದು ಅವಳ ಪಾಲಿನದ್ದು, ನಾಳೆ ಬಂದು ಹೇಳುತ್ತಾಳೆ. "ಅವತ್ತು ಹೇಳ್ದೋಳು ನೀನಲ್ಲ ಅಂತ ಗೊತ್ತಾತು. ನೀನೇ ಆಗಿದ್ರೂ ನಾನು ಮಾಡಿದ್ದು ತಪ್ಪು. ನಿನ್ನ ಎದ್ರು ನಿಲ್ಬೇಡಿ ಅಂದೋಳು ನಾನು," ಅಂದೆ.

"ಅವತ್ತು ಮಗೀಗೆ ಜ್ವರ ಇತ್ತು," ಅಂದಳು ಜಯಮ್ಮ. "ರೈಟರತ್ರ ಜೀಪು ಕೇಳಕ್ಕೆ ಹೋಗಿದ್ದೆ."

ಅವಳ ಕೈ ಕಾಯಿ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. ಒಂದು, ಎರಡು, ಮೂರು ಕಾಯಿ ಸುಲಿದಳು. ಆಮೇಲೆ ತಲೆ ಎತ್ತಿದಳು.

"ಇದ್ನ ಹೇಳಕ್ಕೆ ಹದಿನೆಂಟು ವರ್ಷ ಬೇಕಾಯ್ತಾ ಪುಟ್ಟಮ್ಮ? ದೋಣಿಗಲ್ಲಿಂದ ಇಲ್ಲಿಗೆ ಅರ್ಧ ಗಂಟೆಗೊಂದು ಬಸ್ ಐತಲ್ಲೇ!"

ಚಪ್ಪಲಿ ಬಿಟ್ಟು, ಕಾಯಿಯ ಮೊರವನ್ನು ಇಬ್ಬರ ನಡುವಿಗೆ ಎಳೆದುಕೊಂಡು, ಅವಳ ಎದುರು ಕೂತೆ.